ಮಣಿಕಟ್ಟಿನ ಕಾರ್ಸಾಜ್

ಮಣಿಕಟ್ಟಿನ ಕಾರ್ಸಾಜ್ : ನೃತ್ಯಕೂಟ, ಔತಣ, ಮದುವೆ ಮೊದಲಾದ ಸಮಾರಂಭಗಳಲ್ಲಿ ಹೆಂಗಸರು ಮುಂಗೈಗೆ ಕಟ್ಟಿಕೊಳ್ಳುವ ಪುಟ್ಟ ಹೂಗೊಂಚಲು. ಮೂರೋ ಐದೋ ಹೂವು, ಒಂದಿಷ್ಟು ಎಲೆ, ಒಂದು ರಿಬ್ಬನ್ ಗಂಟು, ಇವನ್ನೆಲ್ಲ ಹಿಡಿದಿಡುವ ಒಂದು ಪಟ್ಟಿ. ಇಷ್ಟೇ ಇದರ ಒಡಲು. ಬಳಕೆ ಹೆಚ್ಚಾಗಿರುವುದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ. ಅಲ್ಲಿನ ಪ್ರೌಢಶಾಲೆಗಳಲ್ಲಿ ಓದಿನ ವರ್ಷ ಮುಗಿಯುವ ಹೊತ್ತಿಗೆ ನಡೆಯುವ ‘ಪ್ರಾಮ್’ ನೃತ್ಯಕೂಟಕ್ಕೆ ಹುಡುಗ ತನ್ನ ಜೊತೆಗಾತಿಗೆ ಇದನ್ನು ತಂದು ತೊಡಿಸುವುದು ರೂಢಿ. ಮದುವೆಗಳಲ್ಲಿ ವಧೂವರರ ತಾಯಂದಿರು, ಅಜ್ಜಿಯರು ಇದನ್ನು ಧರಿಸುತ್ತಾರೆ. ಗಂಡಸರು ಕೋಟಿನ ಎಡ ಮಡಿಕೆಗೆ ಸಿಕ್ಕಿಸಿಕೊಳ್ಳುವ ಒಂಟಿ ಹೂವಿಗೆ ಬೂಟನೇರ್ ಎಂದು ಹೆಸರು. ಎರಡೂ ಸಾಮಾನ್ಯವಾಗಿ ಒಂದೇ ಬಗೆಯ ಹೂವಿನ ಜೋಡಿಯಾಗಿ ತಯಾರಾಗುತ್ತವೆ.

ಹೂದಾನಿಯ ಹೂವಿಗೆ ನೀರಿನ ಆಸರೆ ಉಂಟು. ವಧುವಿನ ಕೈಯ ಹೂಗುಚ್ಛವನ್ನೂ ಚರ್ಚಿಗೆ ಹೊರಡುವ ಗಳಿಗೆಯವರೆಗೆ ನೀರಿನಲ್ಲಿ ನಿಲ್ಲಿಸಿಡಬಹುದು. ಕಾರ್ಸಾಜಿನ ಹೂವಿಗೆ ಆ ಭಾಗ್ಯವಿಲ್ಲ. ತೊಟ್ಟನ್ನು ಬುಡಮಟ್ಟ ಕತ್ತರಿಸಿ, ಕುಣಿಯುವ, ಕೈಕುಲುಕುವ, ಊಟ ಮಾಡುವ ಕೈಗೆ ಅದನ್ನು ಕಟ್ಟಿಬಿಡುತ್ತಾರೆ. ಹಿಂದಿನ ಸಂಜೆ ಕಟ್ಟಿದ್ದು ಮರುದಿನ ನಡುರಾತ್ರಿಯ ತನಕ ಬಾಡಬಾರದು, ಎಸಳು ಉದುರಬಾರದು, ಮುಂಗೈಯ ಅಡಿಗೆ ಹೊರಳಬಾರದು. ಈ ಕಸುಬಿನ ಉಪಾಯಗಳೆಲ್ಲ ಹುಟ್ಟಿರುವುದು ನೀರು ಮತ್ತು ಭಾರ ಎಂಬ ಎರಡು ತಾಪತ್ರಯಗಳಿಂದ. ಹೂವಿನಂಗಡಿಯ ಮಾಲಿನಲ್ಲಿ ಇದು ತೀರ ಚಿಕ್ಕದು. ಆದರೆ ಗಾತ್ರಕ್ಕೆ ತಕ್ಕುದಲ್ಲದಷ್ಟು ಕೈಕೆಲಸ ಬೇಡುತ್ತದೆ.

ಹೆಸರು, ಹಿನ್ನೆಲೆ

ಫ್ರೆಂಚ್ ಭಾಷೆಯಲ್ಲಿ ಕಾರ್ಸಾಜ್ ಎಂದರೆ ಹೂವಲ್ಲ, ಕುಪ್ಪಸ. ಕುಪ್ಪಸಕ್ಕೆ ಸಿಕ್ಕಿಸುವ ಹೂವಿಗೆ ಅಲ್ಲಿ ‘ಬೂಕೆ ದ ಕಾರ್ಸಾಜ್’ ಎನ್ನುತ್ತಿದ್ದರು. ಆ ಮಾತು ಇಂಗ್ಲಿಷಿಗೆ ದಾಟುವಾಗ ಹೂಗುಚ್ಛ ಎಂಬ ಅರ್ಧ ಉದುರಿಹೋಗಿ, ಕುಪ್ಪಸದ ಹೆಸರೇ ಹೂವಿಗೆ ಅಂಟಿಕೊಂಡಿತು. ಎದೆಯ ಮೇಲಿನ ಹೂವು ಮುಂದೆ ಹೆಗಲಿಗೆ ಏರಿತು, ಸೊಂಟಕ್ಕೆ ಇಳಿಯಿತು, ಕೊನೆಗೆ ಮುಂಗೈಗೆ ಬಂತು. ಹೆಸರು ಮಾತ್ರ ಬದಲಾಗಲಿಲ್ಲ.

ಪ್ರಾಮ್ ಎಂಬುದು ಪ್ರಾಮನೇಡ್ ಪದದ ಮೊಟಕು ರೂಪ. 19ನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಈಶಾನ್ಯ ಭಾಗದ ಕಾಲೇಜುಗಳಲ್ಲಿ ಮೊದಲಾದ ಈ ಕೂಟ 20ನೆಯ ಶತಮಾನದ ಮೊದಲ ದಶಕಗಳಲ್ಲಿ ಪ್ರೌಢಶಾಲೆಗಳಿಗೂ ಹರಡಿತು. ಆಗಿನ ಕಾರ್ಸಾಜ್ ಎಂದರೆ ಹೆಗಲ ಬಳಿ ಪಿನ್ನು ಚುಚ್ಚಿ ನಿಲ್ಲಿಸಿದ ಕ್ಯಾಟ್ಲಿಯ ಆರ್ಕಿಡ್ ಅಥವಾ ಗಾರ್ಡೀನಿಯ. ಅಂಗೈಯಷ್ಟಗಲದ ನೇರಳೆ ಕ್ಯಾಟ್ಲಿಯ ಒಂದಿದ್ದರೆ ಬೇರೆ ಅಲಂಕಾರವೇ ಬೇಡವಾಗಿತ್ತು. ತಾಯಂದಿರ ದಿನದ ಕಾರ್ಸಾಜಿಗೆ ಕಾರ್ನೇಷನ್ ಸೇರಿಕೊಂಡದ್ದು ಆ ದಿನಾಚರಣೆಯನ್ನು ಹುಟ್ಟುಹಾಕಿದ ಆ್ಯನಾ ಜಾರ್ವಿಸ್ ಅವರಿಂದ: 1908ರ ಮೇ 10ರಂದು ವೆಸ್ಟ್ ವರ್ಜೀನಿಯದ ಗ್ರಾಫ್ಟನ್ ಊರಿನ ಚರ್ಚಿಗೆ ಅವರು 500 ಬಿಳಿ ಕಾರ್ನೇಷನ್‌ಗಳನ್ನು ಕಳುಹಿಸಿದ್ದರು. ಅವು ಅವರ ತಾಯಿಗೆ ಪ್ರಿಯವಾಗಿದ್ದ ಹೂವು.

ಹೂವು ಮುಂಗೈಗೆ ಬಂದುದಕ್ಕೆ ದರ್ಜಿಗಳೇ ಕಾರಣ ಎನ್ನಬೇಕು. ಹೆಗಲಪಟ್ಟಿಯೇ ಇಲ್ಲದ, ಇದ್ದರೂ ದಾರದಷ್ಟು ತೆಳುವಾದ ಪಟ್ಟಿಯ ಗೌನುಗಳು 1950ರ ದಶಕದಲ್ಲಿ ಜನಪ್ರಿಯವಾದವು. ಪಿನ್ನು ಚುಚ್ಚಲು ಬಟ್ಟೆಯೇ ಉಳಿಯಲಿಲ್ಲ. ಚುಚ್ಚಿದರೂ ರೇಷ್ಮೆ, ಶಿಫಾನ್ ಹರಿಯುವ ಭಯ, ಭಾರಕ್ಕೆ ಜೋತುಬೀಳುವ ಅಂದಗೇಡಿತನ. ಇದರ ಜೊತೆಗೆ, ಹದಿನೇಳರ ಹುಡುಗನೊಬ್ಬ ಅಪ್ಪ ಅಮ್ಮ ಕ್ಯಾಮೆರಾ ಹಿಡಿದು ನಿಂತಿರುವಾಗ ಹುಡುಗಿಯ ಎದೆಯ ಬಳಿ ಪಿನ್ನು ಚುಚ್ಚಬೇಕಾದ ಮುಜುಗರವೂ ತಪ್ಪಿತು.

ಟೆಕ್ಸಸ್ ರಾಜ್ಯ ಮಾತ್ರ ಬೇರೆ ದಾರಿ ಹಿಡಿದಿದೆ. ಅಲ್ಲಿನ ಶಾಲೆಗಳ ‘ಹೋಂಕಮಿಂಗ್’ ಉತ್ಸವಕ್ಕೆ ಸೇವಂತಿಗೆಯ ಕಾರ್ಸಾಜ್ ಕೊಡುವ ಪದ್ಧತಿ ಬೆಳೆದು ಬೆಳೆದು, ಕುತ್ತಿಗೆಗೆ ನೇತುಹಾಕಿದರೆ ಮೊಣಕಾಲು ದಾಟುವ ರಿಬ್ಬನ್ನಿನ ರಾಶಿಯಾಗಿದೆ. ಹೂವು ಈಗ ಬಟ್ಟೆಯದು. ಗೊಂಬೆ, ಗಂಟೆ, ಮಿನುಗುವ ದೀಪಗಳೂ ಅದರಲ್ಲಿ ಇರುತ್ತವೆ. ಅದನ್ನು ಕಾರ್ಸಾಜ್ ಎನ್ನುವುದಕ್ಕಿಂತ ಜಾತ್ರೆಯ ತೇರು ಎನ್ನುವುದೇ ಸರಿ.

ಪಟ್ಟಿ

ಬಳಕೆಯಲ್ಲಿರುವ ಪಟ್ಟಿಗಳಲ್ಲಿ ಸರಳವಾದದ್ದು ಎಲಾಸ್ಟಿಕ್ ಪಟ್ಟಿ. ಅದರ ನಡುವೆ ತಗಡಿನ ಸಣ್ಣ ಕಿವಿಗಳಿರುತ್ತವೆ. ಕಟ್ಟಿ ಮುಗಿದ ಗೊಂಚಲಿನ ದಂಟನ್ನು ಅವುಗಳ ನಡುವೆ ಇಟ್ಟು ಇಕ್ಕಳದಿಂದ ಮಡಚಿದರೆ ಕೆಲಸ ಮುಗಿಯಿತು. ಮಡಚಿದ ತುದಿ ಚರ್ಮಕ್ಕೆ ತಾಗದಂತೆ ಅಡಿಗೆ ತುಂಡು ರಿಬ್ಬನ್ ಅಂಟಿಸುವುದು ಒಳ್ಳೆಯ ಅಂಗಡಿಯ ಗುರುತು. ಮುತ್ತು, ಹರಳು ಪೋಣಿಸಿದ ಬಳೆಯಂಥ ಪಟ್ಟಿಗಳು ಆಮೇಲೆ ಬಂದವು. ಹೂವು ಬಾಡಿದ ಮೇಲೂ ಬಳೆ ಉಳಿಯುತ್ತದೆ ಎಂಬುದು ಗಿರಾಕಿಗೆ ಇಷ್ಟವಾಗುವ ಮಾತು. ಅಗಲವಾದ ಚಪ್ಪಟೆ ಅಲ್ಯುಮಿನಿಯಂ ತಂತಿಯನ್ನು ಬಾಗಿಸಿ ಕಡಗದ ಹಾಗೆ ಮಾಡಿ, ಅದರ ಮೇಲೆ ನೇರವಾಗಿ ಹೂವು ಅಂಟಿಸುವುದು ಇನ್ನೊಂದು ಬಗೆ. ಬರೀ ರಿಬ್ಬನ್ನಿನಿಂದ ಕಟ್ಟುವುದೂ ಉಂಟು. ನೋಡಲು ಅಂದ, ಆದರೆ ಒಂದೇ ಕೈಯಲ್ಲಿ ಕಟ್ಟಿಕೊಳ್ಳಲಾಗದು, ಕುಣಿತದ ನಡುವೆ ಗಂಟು ಸಡಿಲವಾಗುತ್ತದೆ.

ಗೊಂಚಲು ಮುಂಗೈಯ ಮೇಲ್ಭಾಗದಲ್ಲಿ ನಿಲ್ಲಬೇಕಾದರೆ ಅದರ ಭಾರ ಪಟ್ಟಿಗೆ ಆದಷ್ಟು ಹತ್ತಿರ ಇರಬೇಕು. ಎತ್ತರವಾಗಿ ಕಟ್ಟಿದ ಗೊಂಚಲು ಎಷ್ಟು ಬಿಗಿಯಾಗಿದ್ದರೂ ಪಕ್ಕಕ್ಕೆ ವಾಲಿ ಅಡಿಗೆ ಸರಿಯುತ್ತದೆ. ಕೈಯ ಉದ್ದಕ್ಕೆ 10ರಿಂದ 12 ಸೆಂಟಿಮೀಟರ್, ಅಗಲದಲ್ಲಿ ಮುಂಗೈಗಿಂತ ಸ್ವಲ್ಪವೇ ಹೆಚ್ಚು, ಎತ್ತರದಲ್ಲಿ ಒಂದು ಗುಲಾಬಿಯಷ್ಟು. ಇದನ್ನು ದಾಟಿದರೆ ತೊಟ್ಟವರು ಅರ್ಧ ಗಂಟೆಯಲ್ಲಿ ಬಿಚ್ಚಿ ಮೇಜಿನ ಮೇಲಿಡುತ್ತಾರೆ. ಎಡಗೈಗೆ ತೊಡುವುದು ವಾಡಿಕೆ. ಎಡಚರು ಬಲಗೈಗೆ ತೊಟ್ಟರೆ ಅನುಕೂಲ.

ತಂತಿ ಮತ್ತು ಟೇಪು

ಹಳೆಯ ವಿಧಾನದಲ್ಲಿ ಹೂವಿನ ಸಹಜ ತೊಟ್ಟನ್ನು ಒಂದೆರಡು ಸೆಂಟಿಮೀಟರ್ ಮಾತ್ರ ಉಳಿಸಿ ಕತ್ತರಿಸಿ, ಅದರ ಜಾಗದಲ್ಲಿ ಹಸಿರು ಬಣ್ಣ ಬಳಿದ ಉಕ್ಕಿನ ತಂತಿಯನ್ನು ತೊಟ್ಟಾಗಿಸುತ್ತಾರೆ. ಇದರಿಂದ ಭಾರ ಇಳಿಯುತ್ತದೆ, ಹೂವನ್ನು ಬೇಕಾದ ಕಡೆ ಬಾಗಿಸಬಹುದು. ತಂತಿಯ ದಪ್ಪವನ್ನು ಗೇಜ್ ಸಂಖ್ಯೆಯಿಂದ ಹೇಳುತ್ತಾರೆ. ಸಂಖ್ಯೆ ಏರಿದಷ್ಟೂ ತಂತಿ ತೆಳು ಎಂಬುದು ಹೊಸಬರನ್ನು ಮೊದಲ ವಾರ ದಾರಿ ತಪ್ಪಿಸುವ ಸಂಗತಿ. ಸುಮಾರು 0.7 ಮಿಲಿಮೀಟರಿನ 22 ಗೇಜ್ ತಂತಿ ಕಾರ್ನೇಷನ್ನಿಗೆ, ಅರ್ಧ ಮಿಲಿಮೀಟರಿಗಿಂತ ತುಸು ದಪ್ಪದ 24 ಗೇಜ್ ಗುಲಾಬಿಗೆ, 26 ಮತ್ತು 28 ಎಲೆಗೂ ಕಿರುಹೂವಿಗೂ ಸರಿಹೊಂದುತ್ತವೆ. ಹೂವಿನ ಭಾರ ತಾಳುವ ತಂತಿಗಳಲ್ಲಿ ಅತ್ಯಂತ ತೆಳುವಾದುದನ್ನೇ ಆರಿಸಬೇಕು. ಧೈರ್ಯಕ್ಕೆಂದು ದಪ್ಪ ತಂತಿ ಹಾಕಿದರೆ ಐದು ಹೂವಿನ ಗೊಂಚಲು ಕಬ್ಬಿಣದ ಕಟ್ಟಾಗುತ್ತದೆ. ತಂತಿಗೆ ಬೇರೆಯೇ ಕತ್ತರಿ ಇರಬೇಕು, ಹೂವಿನ ಕತ್ತರಿಯಿಂದ ಕತ್ತರಿಸಿದರೆ ಅದರ ಅಲಗು ಹಾಳಾಗುತ್ತದೆ.

ತಂತಿ ಹಾಕುವ ಕ್ರಮ ಹೂವಿನ ಕಟ್ಟಡವನ್ನು ಅನುಸರಿಸುತ್ತದೆ. ಗುಲಾಬಿ, ಕಾರ್ನೇಷನ್‌ಗಳ ಎಸಳಿನ ಬುಡದಲ್ಲಿ ಗಟ್ಟಿಯಾದ ಹಸಿರು ಬಟ್ಟಲಿರುತ್ತದೆ. ತಂತಿಯನ್ನು ಅದರಲ್ಲಿ ಅಡ್ಡಲಾಗಿ ಚುಚ್ಚಿ, ಎರಡೂ ಕೊನೆಗಳನ್ನು ಕೆಳಕ್ಕೆ ಮಡಚುತ್ತಾರೆ. ಹೂವು ಭಾರವಾಗಿದ್ದರೆ ಮೊದಲ ತಂತಿಗೆ ಅಡ್ಡವಾಗಿ ಇನ್ನೊಂದನ್ನೂ ಚುಚ್ಚುವುದುಂಟು. ಸೇವಂತಿಗೆ, ಡೇಸಿಗಳಂಥ ಚಪ್ಪಟೆ ಹೂವಿಗೆ ಬಟ್ಟಲು ತೆಳು. ಅಲ್ಲಿ ತಂತಿಯನ್ನು ತೊಟ್ಟಿನೊಳಗಿಂದ ಮೇಲಕ್ಕೆ ತೂರಿಸಿ, ಹೂವಿನ ನಡುವೆ ಹೊರಬಂದ ತುದಿಯನ್ನು ಪುಟ್ಟ ಕೊಕ್ಕೆಯಾಗಿ ಬಗ್ಗಿಸಿ, ಮತ್ತೆ ಕೆಳಕ್ಕೆಳೆದು ಕೊಕ್ಕೆ ಕಾಣದಂತೆ ಹುದುಗಿಸುತ್ತಾರೆ. ಜರೀಎಲೆಗೆ ತಂತಿಯನ್ನು ತಲೆಪಿನ್ನಿನ ಹಾಗೆ ಮಡಚಿ ಜೋತುಹಾಕಿದರೆ ಸಾಕು. ಅಗಲದ ಎಲೆಯಾದರೆ ಹಿಂಬದಿಯಲ್ಲಿ ನಡುನರದ ಆಚೀಚೆ ಒಂದು ಹೊಲಿಗೆ ಹಾಕಿ ಎರಡೂ ಎಳೆಗಳನ್ನು ತೊಟ್ಟಿನ ಕಡೆಗೆ ತರಬೇಕು. ಮುಂಬದಿಯಿಂದ ಕಾಣುವುದು ಒಂದು ಚುಕ್ಕೆಯಷ್ಟೇ. ಆರ್ಕಿಡ್ಡಿನ ಮೃದು ಅಂಗಾಂಶವನ್ನು ಬರಿಯ ತಂತಿ ಸೀಳುತ್ತದೆ. ಅದಕ್ಕೇ ಕೆಲವರು ನೂಲು ಸುತ್ತಿದ ಮೆತ್ತನೆಯ ತಂತಿಯನ್ನು ಬಳಸುತ್ತಾರೆ, ತೊಟ್ಟಿನ ಕೊನೆಗೆ ಒದ್ದೆ ಹತ್ತಿಯ ಚೂರಿಟ್ಟು ಟೇಪು ಸುತ್ತುತ್ತಾರೆ. ಕಾರ್ಸಾಜಿನ ಹೂವಿಗೆ ದಕ್ಕುವ ನೀರು ಎಂದರೆ ಆ ಹತ್ತಿಯಲ್ಲಿನದು ಮಾತ್ರ.

ಟೇಪು ಎಂದರೆ ಮೇಣ ಹಿಡಿಸಿದ ಸುಕ್ಕುಕಾಗದ. ಅರ್ಧ ಇಂಚು ಅಗಲದ್ದು ಈ ಕೆಲಸಕ್ಕೆ ಸರಿ. ಮುಟ್ಟಿದರೆ ಅಂಟೇ ಇಲ್ಲವೆನಿಸುತ್ತದೆ. ಎಳೆದಾಗ ಮಾತ್ರ ಮೇಣ ಮೇಲೆದ್ದು ತನಗೆ ತಾನೇ ಅಂಟಿಕೊಳ್ಳುತ್ತದೆ. ಹಾಗಾಗಿ ಎಡಗೈಯಲ್ಲಿ ಹೂವನ್ನು ತಿರುಗಿಸುತ್ತ, ಬಲಗೈಯಲ್ಲಿ ಟೇಪನ್ನು ಜಗ್ಗಿ ಓರೆಯಾಗಿ ಇಳಿಸುತ್ತ ಹೋಗಬೇಕು. ತಿರುಗಬೇಕಾದ್ದು ಹೂವು, ಟೇಪಲ್ಲ. ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುವ ನಮ್ಮ ಹೂವಾಡಗಿತ್ತಿಯರ ಬೆರಳು ಇದನ್ನು ಬೇಗ ಹಿಡಿಯುತ್ತದೆ. ನಾರನ್ನು ಜಗ್ಗುವ ಹದ ಗೊತ್ತಿದ್ದವರಿಗೆ ಟೇಪಿನ ಹದ ದೂರವಲ್ಲ. ಟೇಪಿನ ಕೆಲಸ ತಂತಿ ಮುಚ್ಚುವುದಷ್ಟೇ ಅಲ್ಲ. ಕತ್ತರಿಸಿದ ಬಾಯಿಯನ್ನು ಮುಚ್ಚಿ, ಉಳಿದ ತೇವ ಆರದಂತೆ ತಡೆಯುವುದೂ ಅದೇ.

ಅಂಟಿನ ವಿಧಾನ

ಈಗಿನ ಅಂಗಡಿಗಳಲ್ಲಿ ತಂತಿಯನ್ನು ಬಹುಮಟ್ಟಿಗೆ ಹೂವಿನ ಅಂಟು ಹಿಂದೆ ಹಾಕಿದೆ. ಟ್ಯೂಬಿನಲ್ಲಿ ಬರುವ ಇದನ್ನು ಬಿಸಿ ಮಾಡಬೇಕಿಲ್ಲ; ಅದರ ದ್ರಾವಕ ಆರಿದಾಗ ಬಣ್ಣವಿಲ್ಲದೆ ಗಟ್ಟಿಯಾಗುತ್ತದೆ, ನೀರಿಗೂ ಫ್ರಿಜ್ಜಿನ ತಣ್ಣಗೂ ಜಗ್ಗುವುದಿಲ್ಲ. ಹೂವಿನ ಬುಡಕ್ಕೂ ಪಟ್ಟಿಗೂ ತೆಳುವಾಗಿ ಸವರಿ, ಕೆಲವು ಕ್ಷಣ ಬಿಟ್ಟು, ಬೆರಳಿಗೆ ಎಳೆಯೆಳೆಯಾಗಿ ಅಂಟುವ ಹದಕ್ಕೆ ಬಂದ ಮೇಲೆ ಒತ್ತಬೇಕು. ಕಾಯದೆ ಒತ್ತಿದರೆ ಜಾರುತ್ತದೆ, ಧಾರಾಳವಾಗಿ ಸುರಿದರೆ ದ್ರಾವಕ ಎಸಳನ್ನು ಸುಟ್ಟು ಕಂದು ಕಲೆ ಬಿಡುತ್ತದೆ. ಹೂವಿನ ಮೇಲೆ ನೀರಿನ ಹನಿ ಇದ್ದರೆ ಹಿಡಿಯುವುದೇ ಇಲ್ಲ. ಇದರ ಆವಿ ತಲೆನೋವು ತರುವುದರಿಂದ ಕಿಟಕಿ ತೆರೆದ ಕೋಣೆಯಲ್ಲೇ ಕೆಲಸ ಮಾಡಬೇಕು.

ಬಿಸಿ ಅಂಟಿನ ಗನ್ ಅಗ್ಗ, ಬೇಗ. ಆದರೆ ಕಡಿಮೆ ಕಾವಿನ ಗನ್ನೂ ಸುಮಾರು 120 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಎಳೆಯ ಎಸಳು ಬೆಂದುಹೋಗುತ್ತದೆ. ಫ್ರಿಜ್ಜಿನಲ್ಲಿಟ್ಟಾಗ ಆ ಅಂಟು ಬಿರುಸಾಗಿ ಪಟ್ಟನೆ ಬಿಡುವುದೂ ಉಂಟು. ರಿಬ್ಬನ್, ಮುತ್ತು, ಪಟ್ಟಿಯ ಕೆಲಸಕ್ಕೆ ಅದನ್ನಿಟ್ಟುಕೊಂಡು, ಹೂವಿಗೆ ತಣ್ಣಂಟನ್ನೇ ಬಳಸುವುದು ಲೇಸು.

ಅಂಟಿನಿಂದ ಮಾಡಿದ ಕಾರ್ಸಾಜ್ ತಂತಿಯದಕ್ಕಿಂತ ಹಗುರ, ಚರ್ಮಕ್ಕೆ ಚುಚ್ಚುವುದಿಲ್ಲ, ಕಡಿಮೆ ಹೊತ್ತಿನಲ್ಲಿ ಮುಗಿಯುತ್ತದೆ. ಹಾಗೆಂದು ತಂತಿ ಹಳತಾಯಿತು ಎನ್ನಲಾಗದು. ದೊಡ್ಡ ಆರ್ಕಿಡ್, ತುಂಬಿದ ಗುಲಾಬಿಗಳನ್ನು ಅಂಟೊಂದೇ ನೆಚ್ಚಿ ಕೂರಿಸಿದರೆ ಕೈಬೀಸಿದಾಗ ಹಾರಿಹೋಗುವ ಸಾಧ್ಯತೆ ಇದ್ದೇ ಇದೆ. ನಡುವಿನ ಮುಖ್ಯ ಹೂವಿಗೆ ತಂತಿ, ಸುತ್ತಲಿನ ಕಿರುಹೂವಿಗೆ ಅಂಟು ಎಂಬ ಬೆರಕೆ ವಿಧಾನವೇ ಹೆಚ್ಚು ನಂಬಿಕೆಯದು.

ಹೂವಿನ ಆಯ್ಕೆ

ನೀರಿಲ್ಲದೆ ಹತ್ತು ಹನ್ನೆರಡು ಗಂಟೆ ನಿಲ್ಲಬಲ್ಲ ಹೂವೇ ಇಲ್ಲಿಗೆ ಹೂವು. ಗೊಂಚಲು ಗುಲಾಬಿ, ಅಂದರೆ ಒಂದೇ ಕಡ್ಡಿಯಲ್ಲಿ ಹಲವು ಸಣ್ಣ ಹೂ ಬಿಡುವ ಸ್ಪ್ರೇ ಗುಲಾಬಿ, ಇದರ ದುಡಿಮೆಗಾರ. ಸಣ್ಣ ಕಾರ್ನೇಷನ್, ಡೆಂಡ್ರೋಬಿಯಂ ಮತ್ತು ಸಿಂಬಿಡಿಯಂ ಆರ್ಕಿಡ್, ಆಲ್‌ಸ್ಟ್ರೋಮೀರಿಯ, ಮೇಣಹೂವು ಇವೂ ಬಾಳಿಕೆಯವು. ದೊಡ್ಡ ಕಾರ್ನೇಷನ್ನನ್ನು ಸೀಳಿ, ಎಸಳುಗಳನ್ನು ಮತ್ತೆ ಸಣ್ಣ ಸಣ್ಣ ಹೂವಾಗಿ ಕಟ್ಟುವುದೂ ಒಂದು ಹಳೆಯ ಚಾತುರ್ಯ. ಎಡೆ ತುಂಬಲು ಜಿಪ್ಸೋಫಿಲಾ, ಲಿಮೋನಿಯಂ. ಸ್ಟೆಫನೋಟಿಸ್‌ಗೆ ಮಡಗಾಸ್ಕರ್ ಮಲ್ಲಿಗೆ ಎಂಬ ಅಡ್ಡಹೆಸರಿದ್ದರೂ ಅದು ಮಲ್ಲಿಗೆಯ ಕುಲದ್ದಲ್ಲ, ಎಕ್ಕದ ಬಂಧು. ಅದರ ಬಿಳಿ ನಳಿಕೆಹೂವು ಮದುವೆಗಳಲ್ಲಿ ಬೇಡಿಕೆಯದು. ಗಾರ್ಡೀನಿಯದ ಪರಿಮಳಕ್ಕೆ ಸಾಟಿಯಿಲ್ಲ, ಆದರೆ ಬೆರಳು ಸೋಕಿದಲ್ಲೆಲ್ಲ ಅದು ಕಂದಾಗುತ್ತದೆ. ನುರಿತವರು ಕೈ ಒದ್ದೆ ಮಾಡಿಕೊಂಡೇ ಅದನ್ನು ಮುಟ್ಟುತ್ತಾರೆ.

ಹೈಡ್ರೇಂಜಿಯ, ಸ್ವೀಟ್‌ಪೀ, ಟ್ಯುಲಿಪ್‌ಗಳು ಕಣ್ಣಿಗೆ ಚೆಂದ, ಮುಂಗೈಗೆ ಬೇಡ. ಲಿಲ್ಲಿಯನ್ನು ಬಳಸಿದರೆ ಪರಾಗಕೋಶಗಳನ್ನು ಮೊದಲೇ ಕಿತ್ತುಹಾಕಬೇಕು. ಬಿಳಿ ಗೌನಿನ ಮೇಲೆ ಅದರ ಕಿತ್ತಳೆ ಪುಡಿ ಬಿದ್ದರೆ ತೊಳೆದು ತೆಗೆಯುವುದು ಕಷ್ಟ. ಬಣ್ಣ ಸಿಂಪಡಿಸಿದ ನೀಲಿ ಹೂವುಗಳಿಗೂ ಇದೇ ಎಚ್ಚರಿಕೆ, ಬೆವರಿಗೆ ಅವು ಬಣ್ಣ ಬಿಡಬಹುದು. ಕಟ್ಟುವವರ ಕೈಗೂ ಅಪಾಯವಿಲ್ಲದಿಲ್ಲ. ಆಲ್‌ಸ್ಟ್ರೋಮೀರಿಯ ಮತ್ತು ಟ್ಯುಲಿಪ್‌ಗಳ ರಸದಲ್ಲಿರುವ ಟ್ಯುಲಿಪಾಲಿನ್ ಎಂಬ ವಸ್ತು ದಿನವೂ ಮುಟ್ಟುವವರ ಬೆರಳ ತುದಿಯನ್ನು ಒಡೆಯಿಸಿ ಉರಿಸುತ್ತದೆ. ಹೂವಿನಂಗಡಿಯವರ ವೃತ್ತಿರೋಗಗಳಲ್ಲಿ ಇದು ಹೆಸರಾದದ್ದು.

ಎಲೆಗಳಲ್ಲಿ ಲೆದರ್‌ಲೀಫ್ ಜರೀಗಿಡ, ರಸ್ಕಸ್, ಪಿಟ್ಟೋಸ್ಪೋರಂ, ನೀಲಗಿರಿಯ ಎಳೆಕುಡಿ, ಬೂದುಬಣ್ಣದ ಡಸ್ಟಿ ಮಿಲ್ಲರ್ ಬಳಕೆಯಲ್ಲಿವೆ. ರಿಬ್ಬನ್ನುಗಳನ್ನು ಅಗಲಕ್ಕೆ ತಕ್ಕ ಸಂಖ್ಯೆಯಿಂದ ಕರೆಯುತ್ತಾರೆ. ಸುಮಾರು 16 ಮಿಲಿಮೀಟರಿನ 3ನೆಯ ಸಂಖ್ಯೆಯ ರಿಬ್ಬನ್ ಕಾರ್ಸಾಜಿಗೆಂದೇ ಇರುವಂತಿದೆ. 9ನೆಯ ಸಂಖ್ಯೆಯದು ಅದರ ಎರಡು ಪಟ್ಟಿಗಿಂತ ಅಗಲ, ಮುಂಗೈಯನ್ನೇ ಮುಚ್ಚಿಬಿಡುತ್ತದೆ.

ಕಟ್ಟುವ ಬಗೆ

ಹೂವು ಅಂಗಡಿಗೆ ಬಂದೊಡನೆ ಕಡ್ಡಿಯ ತುದಿಯನ್ನು ಹೊಸದಾಗಿ ಕತ್ತರಿಸಿ, ಹೂವಿನ ಆಹಾರ ಬೆರೆಸಿದ ಶುದ್ಧ ನೀರಿನಲ್ಲಿ ಕೆಲವು ಗಂಟೆ, ಸಾಧ್ಯವಾದರೆ ಇಡೀ ರಾತ್ರಿ ನಿಲ್ಲಿಸಬೇಕು. ತೊಟ್ಟು ಕತ್ತರಿಸಿದ ಮೇಲೆ ಹೂವು ಬದುಕುವುದು ಈಗ ಕುಡಿದ ನೀರಿನಿಂದಲೇ. ಸೋತ ಹೂವನ್ನು ಯಾವ ತಂತಿಯೂ ಯಾವ ಸ್ಪ್ರೇಯೂ ಎಬ್ಬಿಸಲಾರವು. ಕೆಲಸ ಕೆಟ್ಟ ಕಡೆಯಲ್ಲೆಲ್ಲ ನೋಡಿದರೆ ತಪ್ಪು ಹೆಚ್ಚಾಗಿ ಆಗಿರುವುದು ಈ ಮೊದಲ ಹೆಜ್ಜೆಯಲ್ಲೇ.

ತಂತಿಯ ವಿಧಾನದಲ್ಲಿ ಎರಡು ಪುಟ್ಟ ಗೊಂಚಲುಗಳನ್ನು ಬೇರೆಬೇರೆಯಾಗಿ ಕಟ್ಟುತ್ತಾರೆ. ಪ್ರತಿಯೊಂದರ ತುದಿಯಲ್ಲೂ ಮೊಗ್ಗು ಮತ್ತು ಎಲೆಕುಡಿ, ಅದರ ಕೆಳಗೆ ತುಸು ದೊಡ್ಡ ಹೂವು. ಆಮೇಲೆ ಎರಡರ ತೊಟ್ಟುಗಳನ್ನು ಎದುರುಬದುರಾಗಿ ಒಂದರ ಮೇಲೊಂದು ಇಟ್ಟು ಟೇಪು ಸುತ್ತಿದರೆ ಎರಡೂ ಕಡೆಗೆ ಹರಡಿದ ಒಂದು ಗೊಂಚಲಾಗುತ್ತದೆ. ಮುಖ್ಯ ಹೂವು, ರಿಬ್ಬನ್ನಿನ ಕುಣಿಕೆಗಳು ಸೇರಿ ನಡುವಿನ ಸೇರುವೆಯನ್ನು ಮುಚ್ಚುತ್ತವೆ. ಹೆಗಲಿಗೆ ಚುಚ್ಚುವ ಕಾರ್ಸಾಜ್ ಒಂದೇ ದಿಕ್ಕಿಗೆ ಓಡುವುದರಿಂದ ಅದನ್ನೇ ಪಟ್ಟಿಗೆ ಸಿಕ್ಕಿಸಿ ಮಣಿಕಟ್ಟಿಗೆ ಕಟ್ಟಿದರೆ ಒಂದು ಬದಿಗೆ ವಾಲುತ್ತದೆ. ಮಿಕ್ಕ ತಂತಿಯನ್ನು ಕತ್ತರಿಸಿ ತುದಿಯನ್ನು ಒಳಕ್ಕೆ ಮಡಚಿ, ಟೇಪಿನಲ್ಲಿ ಹುದುಗಿಸಬೇಕು. ಕೊನೆಗೆ ಅಡಿಯನ್ನು ಬೆರಳಿಂದ ಸವರಿ ನೋಡಬೇಕು, ಎಲ್ಲೂ ಚುಚ್ಚಬಾರದು.

ಅಂಟಿನ ವಿಧಾನದಲ್ಲಿ ಪಟ್ಟಿಯ ಮೇಲೆ ಮೊದಲು ಎಲೆಯ ಹಾಸು, ಅದರ ಮೇಲೆ ಮುಖ್ಯ ಹೂವು, ನಂತರ ಆಚೀಚೆ ಇಳಿಮುಖವಾಗಿ ಸಣ್ಣವು. ಮುಖ್ಯ ಹೂವು ಸರಿಯಾಗಿ ನಟ್ಟನಡುವೆ ಕೂತರೆ ಬಿಲ್ಲೆಯಂತೆ ಕಾಣುತ್ತದೆ. ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸಿದರೆ ಜೀವ ಬರುತ್ತದೆ. ಪಕ್ಕದಿಂದಲೂ ನೋಡಬೇಕು, ಏಕೆಂದರೆ ಕೈ ಕೆಳಗೆ ಇಳಿಬಿಟ್ಟಾಗ ನೋಡುವವರ ಕಣ್ಣಿಗೆ ಬೀಳುವುದು ಪಕ್ಕವೇ. ರಿಬ್ಬನ್ ಕಡಿಮೆಯಿದ್ದಷ್ಟೂ ಚೆನ್ನ. ಹೂವು ಸಾಲದ ಕಡೆ ರಿಬ್ಬನ್ ತುರುಕುವುದು ಈ ಕಸುಬಿನ ಹಳೆಯ ಚಟ.

ಮುಗಿದ ಮೇಲೆ, ಎಸಳಿನ ತೇವ ಆವಿಯಾಗುವುದನ್ನು ತಡೆಯುವ ಸಿದ್ಧ ದ್ರವವನ್ನು ಮಂಜಿನಂತೆ ಸಿಂಪಡಿಸಿ ಆರಲು ಬಿಡುತ್ತಾರೆ. ಪಾರದರ್ಶಕ ಪೆಟ್ಟಿಗೆಯಲ್ಲಿ ಕಾಗದದ ಎಳೆಗಳ ಮೇಲಿಟ್ಟು ಮುಚ್ಚಳ ಹಾಕಿದರೆ ಒಳಗಿನ ತೇವ ಉಳಿಯುತ್ತದೆ. ಗುಲಾಬಿ, ಕಾರ್ನೇಷನ್‌ಗಳಿಗೆ 2ರಿಂದ 4 ಡಿಗ್ರಿ ಸೆಲ್ಸಿಯಸ್ ತಣ್ಣ ಹಿತ. ಉಷ್ಣವಲಯದ ಆರ್ಕಿಡ್, ಆಂಥೂರಿಯಂಗಳು 10 ಡಿಗ್ರಿಗಿಂತ ಕೆಳಗೆ ಕಪ್ಪಾಗಲು ತೊಡಗುತ್ತವೆ; ಅವನ್ನು ಕೋಣೆಯ ತಂಪಾದ ಮೂಲೆಯಲ್ಲಿಡುವುದೇ ಸರಿ. ಮನೆಯ ಫ್ರಿಜ್ಜಿನಲ್ಲಿ ಹಣ್ಣಿನ ಪಕ್ಕ ಇಟ್ಟರೆ ಇನ್ನೊಂದು ಕೇಡು ಕಾದಿದೆ. ಮಾಗುವ ಸೇಬು, ಬಾಳೆಹಣ್ಣುಗಳು ಬಿಡುವ ಎಥಿಲೀನ್ ಅನಿಲಕ್ಕೆ ಕಾರ್ನೇಷನ್ ಎಸಳು ಮುದುಡಿ ನಿದ್ದೆ ಹೋದಂತೆ ಮುಚ್ಚಿಕೊಳ್ಳುತ್ತದೆ, ಮತ್ತೆ ಅರಳುವುದಿಲ್ಲ.

ಕರ್ನಾಟಕದಲ್ಲಿ

ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರ ಸುತ್ತಿನ ಪಾಲಿಹೌಸುಗಳ ಗುಲಾಬಿ, ಕಾರ್ನೇಷನ್ ಮತ್ತು ಕೊಡಗಿನ ಆಂಥೂರಿಯಂ ಇಲ್ಲಿನ ಹೂವಿನಂಗಡಿಗೆ ಹೊಸತಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ ಇಂಥ ಕೊಯ್ದ ಹೂವುಗಳ ಹರಾಜು ಕೇಂದ್ರವಿದೆ. ಬೆಂಗಳೂರು, ಮಂಗಳೂರುಗಳ ಕ್ರೈಸ್ತ ಮದುವೆಗಳಲ್ಲಿ ಕೋಟಿನ ಹೂವು ಕಾಣಸಿಗುತ್ತದೆ, ಮಣಿಕಟ್ಟಿನ ಕಾರ್ಸಾಜ್ ಅಪರೂಪ. ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಇದು ಪರಿಚಯವಾಗುವುದು ಮಕ್ಕಳ ಪ್ರಾಮ್ ಮೂಲಕ.

ಕೈಗೆ ಹೂವು ಕಟ್ಟುವುದು ನಮಗೆ ಹೊಸದಲ್ಲ. ಉತ್ತರ ಕರ್ನಾಟಕದಲ್ಲಿ ಬಸುರಿಗೆ ಮಾಡುವ ಕುಬಸದ ಶಾಸ್ತ್ರದಲ್ಲಿ ತಲೆಗೆ, ತೋಳಿಗೆ, ಮುಂಗೈಗೆ ಹೂವಿನ ದಂಡಿ ಕಟ್ಟಿ ಕೂರಿಸುತ್ತಾರೆ. ಕುಬಸವೆಂದರೂ ಕುಪ್ಪಸವೇ. ಉಡುಪಿನ ಹೆಸರು ಅಲ್ಲಿ ಹೂವಿಗೆ ಸಂದಿತು, ಇಲ್ಲಿ ಶಾಸ್ತ್ರಕ್ಕೆ ಸಂದಿತು. ಎರಡಕ್ಕೂ ಸಂಬಂಧವಿಲ್ಲ, ಹೋಲಿಕೆ ಆಕಸ್ಮಿಕ. ಆದರೆ ಸಾಮಗ್ರಿಯ ಪಾಠ ಒಂದಿದೆ. ಕನಕಾಂಬರಕ್ಕೆ ಭಾರವಿಲ್ಲ, ನೀರಿಲ್ಲದೆಯೂ ದಿನವಿಡೀ ಬಣ್ಣ ಬಿಡದೆ ನಿಲ್ಲುತ್ತದೆ. ಬಿಡಿಯಾಗಿ ಕಿತ್ತ ಸುಗಂಧರಾಜದ ಹೂವನ್ನು ಹವಾಯಿಯ ಲೇ ಮಾಲೆಗೂ ಪೋಣಿಸುತ್ತಾರೆ. ಕಾರ್ಸಾಜಿಗೆ ಬೇಕಾದ ಗುಣಗಳೆಲ್ಲ ಇವಕ್ಕಿವೆ. ಮಲ್ಲಿಗೆಯ ಮೊಗ್ಗನ್ನು ಅಂಟಿನಲ್ಲಿ ಕೂರಿಸುವ ಪ್ರಯತ್ನ ಮಾತ್ರ ವ್ಯರ್ಥ. ಅದು ಸಂಜೆ ಅರಳುವಾಗ ಅಂಟಿನಿಂದ ಬಿಡಿಸಿಕೊಳ್ಳುತ್ತದೆ. ಅದಕ್ಕೆ ನಾರೇ ಸರಿ.

ತೊಟ್ಟ ಮರುದಿನ ಕಾರ್ಸಾಜನ್ನು ಉಳಿಸಿಕೊಳ್ಳಬಯಸುವವರು ಡಬ್ಬಿಯಲ್ಲಿ ಸಿಲಿಕಾ ಜೆಲ್ ಹರಳುಗಳ ನಡುವೆ ಹುದುಗಿಟ್ಟು ಒಣಗಿಸುತ್ತಾರೆ; ಸುಮಾರು ಒಂದು ವಾರ ಹಿಡಿಯುತ್ತದೆ. ಗೊಬ್ಬರದ ಗುಂಡಿಗೆ ಹಾಕುವವರು ತಂತಿ, ಪಟ್ಟಿ, ರಿಬ್ಬನ್ನುಗಳನ್ನು ಬಿಡಿಸಿ ತೆಗೆದ ಮೇಲೆಯೇ ಹಾಕಬೇಕು.